ಎರೆ ಸೀಮೆಯ ರಾಜಕಾರಣ: ಧ್ವಜ, ಗಣಿ ಮತ್ತು ನೀರು

ಧಾರವಾಡ: ರಾಜಕೀಯ ಪಕ್ಷಗಳು ಮೂರು ವರ್ಗಗಳನ್ನು ಏಕಕಾಲಕ್ಕೆ ಸಂಭಾಳಿಸಬೇಕಾಗುತ್ತದೆ. ಭಾವನಾತ್ಮಕ ವಿಷಯಗಳನ್ನು ಕೈಬಿಡದ ತೀವ್ರವಾದಿ ಬಣ, ಬಂಡವಾಳದ ಬಲವುಳ್ಳ ಉದ್ಯಮ ವಲಯ ಹಾಗೂ ಮತ ನೀಡುವ ಹಳ್ಳಿಯ ಬೆಂಬಲಿಗರು. ಈ ಸಮತೋಲನ ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳು ಹಾಗೂ ಸುತ್ತಲಿನ ಪ್ರದೇಶದ ನಾಲ್ಕು ದಶಕಗಳ ಚರಿತ್ರೆಯೇ ಸಾಕ್ಷಿ.

ರೈತ ಬಂಡಾಯ

ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನವಲಗುಂದ ಹಾಗೂ ನರಗುಂದಗಳಲ್ಲಿ ಬಂಡಾಯ ಭುಗಿಲೆದ್ದಿತು. ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಆಗ ಅಧಿಕಾರದಲ್ಲಿದ್ದುದು ಗುಂಡೂರಾವ್ ನೇತೃತ್ವದ ಕಾಂಗ್ರೆಸ್ ಸರ್ಕಾರ. 1983ರಲ್ಲಿ ಪಕ್ಷ ಅಧಿಕಾರ ಕಳೆದುಕೊಳ್ಳಲು ರೈತರ ಆಕ್ರೋಶವೂ ಒಂದು ಕಾರಣವಾಯಿತು. ಜುಲೈ 21 ಇಂದಿಗೂ ರೈತ ಹುತಾತ್ಮ ದಿನ.

ಈದ್ಗಾ ಮೈದಾನ

ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ವಿವಾದ 1990ರ ದಶಕದಲ್ಲಿ ಬಿಜೆಪಿಗೆ ಈ ಭಾಗದಲ್ಲಿ ನೆಲೆ ಒದಗಿಸಿತು. 1994ರ ಆಗಸ್ಟ್ 15ರಂದು ಉಮಾ ಭಾರತಿ ನಗರಕ್ಕೆ ಬಂದಿದ್ದಾಗ ನಡೆದ ಗೋಲಿಬಾರಿನಲ್ಲಿ ಹಲವರು ಮೃತಪಟ್ಟರು. ಅದೇ ವರ್ಷಾಂತ್ಯದ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಪಕ್ಷದ ಬಲ 4ರಿಂದ 40ಕ್ಕೇರಿತು. 1996ರಲ್ಲಿ ಧಾರವಾಡ ಉತ್ತರ ಲೋಕಸಭಾ ಕ್ಷೇತ್ರವನ್ನು ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರ ಪಕ್ಷಕ್ಕೆ ಗೆದ್ದುಕೊಟ್ಟರು.

ಗಣಿ ಮತ್ತು ಉಕ್ಕು

2008ರಲ್ಲಿ ಬಿ.ಎಸ್. ಯಡಿಯೂರಪ್ಪ ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಅವರ ಸಂಪುಟದಲ್ಲಿ ಬಳ್ಳಾರಿಯ ಗಣಿ ಉದ್ಯಮಿಗಳಿಗೂ ಸ್ಥಾನ ದೊರೆಯಿತು. ಎರಡೇ ವಾರಗಳಲ್ಲಿ, ಗೊಬ್ಬರಕ್ಕಾಗಿ ಬೀದಿಗಿಳಿದ ಹಾವೇರಿಯ ರೈತರ ಮೇಲೆ ಗೋಲಿಬಾರ್ ನಡೆಯಿತು. 2011ರಲ್ಲಿ ಪ್ರತ್ಯೇಕ ಕೃಷಿ ಬಜೆಟ್ ಮಂಡಿಸಿದ ಅದೇ ಸರ್ಕಾರ, ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಸ್ವಾಧೀನಕ್ಕೂ ಮುಂದಾಯಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಹಾಗೂ ರೈತರ ವಿರೋಧಕ್ಕೆ ಮಣಿದು ಜುಲೈನಲ್ಲಿ ಯೋಜನೆ ಕೈಬಿಟ್ಟಿತು. ಅದೇ ತಿಂಗಳಾಂತ್ಯಕ್ಕೆ, ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ಬೆನ್ನಲ್ಲೇ ಯಡಿಯೂರಪ್ಪ ರಾಜೀನಾಮೆ ನೀಡಿದರು.

ಗಣಿ ಉದ್ಯಮದ ಹಿನ್ನೆಲೆಯವರಿಗೆ ಮಣೆ ಹಾಕಿದ್ದು ಒಂದೇ ಪಕ್ಷವಲ್ಲ. ಕಲಘಟಗಿಯಲ್ಲಿ ಕಾಂಗ್ರೆಸ್ ಸಂಡೂರು ಮೂಲದ ಸಂತೋಷ್ ಲಾಡ್ ಅವರನ್ನು ಕಣಕ್ಕಿಳಿಸಿ 2008, 2013 ಹಾಗೂ 2023ರಲ್ಲಿ ಜಯ ಗಳಿಸಿತು.

ಮಹದಾಯಿ

ಮಹದಾಯಿ ನ್ಯಾಯಮಂಡಳಿ 2016ರ ಜುಲೈ 27ರಂದು ರಾಜ್ಯದ ಮಧ್ಯಂತರ ಅರ್ಜಿ ತಿರಸ್ಕರಿಸಿತು. ನವಲಗುಂದ ಉದ್ವಿಗ್ನಗೊಂಡಿತು, ಯಮನೂರಿನಲ್ಲಿ ಪೊಲೀಸರು ಗ್ರಾಮಸ್ಥರ ಮೇಲೆ ನಡೆಸಿದ ಲಾಠಿ ಪ್ರಹಾರ ಸಿದ್ದರಾಮಯ್ಯ ಸರ್ಕಾರಕ್ಕೆ ಮುಜುಗರ ತಂದಿತು. 2017ರ ಡಿಸೆಂಬರ್‌ನಲ್ಲಿ ಗೋವಾ ಮುಖ್ಯಮಂತ್ರಿ ಮನೋಹರ್ ಪರಿಕ್ಕರ್ ಬರೆದ ಪತ್ರವನ್ನು ಬಿಜೆಪಿ ಹುಬ್ಬಳ್ಳಿಯಲ್ಲಿ ಪ್ರಕಟಿಸಿತು. ತೃಪ್ತರಾಗದ ರೈತರು ಬೆಂಗಳೂರಿನಲ್ಲಿ ಪಕ್ಷದ ಕಚೇರಿ ಎದುರೇ ಧರಣಿ ಕುಳಿತರು. 2018ರ ಐತೀರ್ಪಿನಲ್ಲಿ ಮಲಪ್ರಭೆಗೆ ತಿರುಗಿಸಲು ದೊರೆತದ್ದು 3.9 ಟಿಎಂಸಿ ಅಡಿ.

ಮತದಾರನ ಲೆಕ್ಕಾಚಾರ

ಪಕ್ಷಗಳು ಸಾಮಾನ್ಯವಾಗಿ ಈ ಮೂರು ವರ್ಗಗಳನ್ನು ಪರಸ್ಪರ ದೂರವಿರಿಸುತ್ತವೆ. ಧ್ವಜದ ಮಾತು ನಗರದಲ್ಲಿ, ಬಂಡವಾಳದ ಮಾತು ಬೆಂಗಳೂರಿನಲ್ಲಿ, ನೀರಿನ ಮಾತು ಹಳ್ಳಿಯಲ್ಲಿ. ಹಳ್ಳಿಗುಡಿಯಂತೆ ಒಂದೇ ಹೊಲದಲ್ಲಿ ಎರಡು ಹಿತಗಳು ಎದುರಾದಾಗ ಆಯ್ಕೆ ಅನಿವಾರ್ಯವಾಗುತ್ತದೆ.

ಮತದಾರರೂ ವಿಷಯಗಳನ್ನು ಬೇರ್ಪಡಿಸಿಯೇ ನೋಡುತ್ತಾರೆ. ನವಲಗುಂದ 2008ರಲ್ಲಿ ಬಿಜೆಪಿ, 2013ರಲ್ಲಿ ಜೆಡಿಎಸ್, 2018ರಲ್ಲಿ ಬಿಜೆಪಿ, 2023ರಲ್ಲಿ ಕಾಂಗ್ರೆಸ್ ಶಾಸಕರನ್ನು ಆರಿಸಿತು. 2013 ಮತ್ತು 2023ರಲ್ಲಿ ಗೆದ್ದವರು ಎನ್.ಎಚ್. ಕೋನರಡ್ಡಿ ಅವರೇ; ಬದಲಾದದ್ದು ಪಕ್ಷ. 2023ರಲ್ಲಿ ನವಲಗುಂದ ಹಾಗೂ ಕಲಘಟಗಿ ಕಾಂಗ್ರೆಸ್ಸಿಗೆ, ಕುಂದಗೋಳ ಬಿಜೆಪಿಗೆ ಒಲಿದವು. ಮರುವರ್ಷ ಈ ಮೂರೂ ಕ್ಷೇತ್ರಗಳನ್ನೊಳಗೊಂಡ ಧಾರವಾಡ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಪ್ರಲ್ಹಾದ ಜೋಶಿ ಸತತ ಐದನೇ ಬಾರಿಗೆ ಸಂಸತ್ತಿಗೆ ಆಯ್ಕೆಯಾದರು.