ವಿದೇಶಿ ವಿದ್ಯಾ ವಿನಿಮಯದ ಅನುದಾನ: ಬಾಗಲಕೋಟೆ ಸೀಮೆಯ ಇತಿಹಾಸ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಗೂ ಹೊರದೇಶದ ವಿಶ್ವವಿದ್ಯಾಲಯಗಳಿಗೂ ನಡುವೆ ವಿದ್ಯೆಯ ಹೆಸರಿನಲ್ಲಿ ಓಡಾಡಿದ ಹಣಕ್ಕೆ ಒಂದು ನೂರು ವರ್ಷದ ಚರಿತ್ರೆಯಿದೆ. ಅದು ಎರಡು ದಾರಿಗಳ ಚರಿತ್ರೆ. ಇಲ್ಲಿನ ಹುಡುಗರನ್ನು ಹಡಗು ಹತ್ತಿಸಿದ ಹಣ ಮೊದಮೊದಲು ದಾನಿಗಳದು, ಆಮೇಲೆ ಸರಕಾರದ್ದು. ಐಹೊಳೆ, ಬಾದಾಮಿ, ಪಟ್ಟದಕಲ್ಲಿನ ಗುಡಿಗಳನ್ನು ಅಳೆಯಲು ಬಂದ ಪರದೇಶದ ಸಂಶೋಧಕರ ಹಣ ಅವರವರ ದೇಶದ ಫೆಲೋಶಿಪ್‌ಗಳದು. ಈ ಎರಡು ದಾರಿಗಳು ಕೂಡಿದ್ದು ಅಪರೂಪ. ಅದಕ್ಕೊಂದು ಆಡಳಿತದ ಕಾರಣವೂ ಇದೆ. 1997ರವರೆಗೆ ಈ ಸೀಮೆ ಬಿಜಾಪುರ ಜಿಲ್ಲೆಯ ಭಾಗವಾಗಿತ್ತು. ಇಲ್ಲಿನ ಕಾಲೇಜುಗಳು ಮೊದಲು ಮುಂಬಯಿ ವಿಶ್ವವಿದ್ಯಾಲಯದ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಧಾರವಾಡದ, 2010ರ ನಂತರ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕೆಳಗೆ ಬಂದವು. ಒಪ್ಪಂದದ ಕಡತ ಯಾವಾಗಲೂ ಬೇರೆ ಊರಲ್ಲೇ ಇರುತ್ತಿತ್ತು.

ಮೊದಲ ಹಣ ವತನದಾರರದು. 1906ರಲ್ಲಿ ಬಾಗಲಕೋಟೆಯಲ್ಲಿ ಬೀಳೂರು ಗುರುಬಸವ ಮಹಾಸ್ವಾಮಿಗಳ ಪ್ರೇರಣೆಯಿಂದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಅದೇ ವರ್ಷ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಲಿಂಗಾಯತ ಮಕ್ಕಳ ಓದಿಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದರು. ಅದರಿಂದ ನಿಂತ ನವಲಗುಂದ–ಸಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನ ಮುಂಬಯಿ ಕರ್ನಾಟಕದ ಎಷ್ಟೋ ಒಕ್ಕಲು ಮನೆಗಳಿಗೆ ಮೊದಲ ಪದವೀಧರರನ್ನು ಕೊಟ್ಟಿತು. ಜಾತಿಯ ಬೇಲಿಯೊಳಗಿನ ದಾನವೆಂದು ಇಂದು ಅನ್ನಿಸಬಹುದು, ಅದು ಹೌದು ಕೂಡ. ಆದರೆ ಆಗ ಈ ಭಾಗದ ರೈತಾಪಿ ಹುಡುಗನ ಕಾಲೇಜು ಫೀಗೆ ಸರಕಾರದ ಖಜಾನೆ ಬಾಗಿಲು ತೆರೆದು ಕೂತಿರಲಿಲ್ಲ.

ಆ ತಲೆಮಾರಿನ ದೊಡ್ಡ ಹೆಸರು ಡಿ.ಸಿ. ಪಾವಟೆ. ಗೋಕಾಕ ತಾಲೂಕಿನ ಮಮದಾಪುರದವರು. ಧಾರವಾಡದ ಕರ್ನಾಟಕ ಕಾಲೇಜಿನಿಂದ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಬಾಗಲಕೋಟೆಯ ಕಾಲೇಜುಗಳ ಪರೀಕ್ಷೆ, ಮಾನ್ಯತೆಗಳೆಲ್ಲ ಅವರ ಕಚೇರಿಯಿಂದಲೇ ಬರುತ್ತಿದ್ದವು. ಅವರ ಹೆಸರಿನ ಫೆಲೋಶಿಪ್ ಬಂದದ್ದು ಮಾತ್ರ ಬಹಳ ತಡವಾಗಿ.

ಸ್ವಾತಂತ್ರ್ಯದ ನಂತರ ಹಣದ ಸ್ವರೂಪವೇ ಬದಲಾಯಿತು. 1950ರ ಫೆಬ್ರುವರಿ 2ರಂದು ಭಾರತ–ಅಮೆರಿಕ ನಡುವೆ ವಿದ್ವಾಂಸರ ವಿನಿಮಯದ ಫುಲ್‌ಬ್ರೈಟ್ ಒಪ್ಪಂದವಾಯಿತು. ಅದಕ್ಕಿಂತ ದೊಡ್ಡ ಮೂಲ ಗೋದಿ. ಪಿ.ಎಲ್. 480 ಎಂಬ ಅಮೆರಿಕದ ಕಾಯ್ದೆಯಂತೆ ಭಾರತ 1956ರಿಂದ ಅಲ್ಲಿನ ಗೋದಿಯನ್ನು ರೂಪಾಯಿ ಕೊಟ್ಟು ಕೊಂಡಿತು, ಏಕೆಂದರೆ ನಮ್ಮಲ್ಲಿ ಡಾಲರ್ ಇರಲಿಲ್ಲ. ಆ ರೂಪಾಯಿಯನ್ನು ಅಮೆರಿಕ ತನ್ನ ದೇಶಕ್ಕೆ ಒಯ್ಯುವಂತಿರಲಿಲ್ಲ. ಇಲ್ಲೇ ಖಾತೆಯಲ್ಲಿ ಬಿದ್ದು ಬೆಳೆಯುತ್ತಿದ್ದ ದುಡ್ಡಿನ ಒಂದು ಪಾಲನ್ನು ಅದು ವಿದ್ವಾಂಸರ ಮೇಲೂ ಪುಸ್ತಕಗಳ ಮೇಲೂ ಖರ್ಚು ಮಾಡಿತು. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಹಣದಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಕನ್ನಡ ಪುಸ್ತಕಗಳೂ ಆ ಪೆಟ್ಟಿಗೆಗಳಲ್ಲಿದ್ದವು. ನಮ್ಮ ತಾಲೂಕು ಲೈಬ್ರರಿಗಳಲ್ಲಿ ಸಿಗದ ಹಳೆಯ ಕಾದಂಬರಿ ಶಿಕಾಗೋದ ಕಪಾಟಿನಲ್ಲಿ ಸಿಗುವುದರ ಹಿಂದಿನ ಗುಟ್ಟು ರೇಷನ್ ಗೋದಿ. 1974ರ ಫೆಬ್ರುವರಿ 18ರಂದು ಅಮೆರಿಕದ ರಾಯಭಾರಿ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಚೆಕ್ ಬರೆದು ಈ ನಿಧಿಯ ದೊಡ್ಡ ಪಾಲನ್ನು ಭಾರತಕ್ಕೇ ಬಿಟ್ಟುಕೊಟ್ಟರು. ಆ ಚೆಕ್ಕು ಗಿನ್ನೆಸ್ ದಾಖಲೆಗೂ ಸೇರಿತು.

ಈ ರೂಪಾಯಿಯ ಆಸರೆಯಲ್ಲಿ ಬೆಳೆದ ಸಂಸ್ಥೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್. 1961ರಲ್ಲಿ ಸ್ಥಾಪನೆಯಾದ ಅದು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮೊದಲ ಠಾಣೆ ಹೂಡಿತು. ಅದರ ಕಲೆ ಮತ್ತು ಪುರಾತತ್ವ ಕೇಂದ್ರ ದೇಶದ ಗುಡಿಗಳ ಫೋಟೋ ತೆಗೆದು, ನಕ್ಷೆ ಬಿಡಿಸಿ ಭಾರತೀಯ ದೇವಾಲಯ ವಾಸ್ತುವಿನ ವಿಶ್ವಕೋಶವನ್ನು ಹೊರತಂದಿತು. ಮೈಕೆಲ್ ಮೈಸ್ಟರ್ ಮತ್ತು ಎಂ.ಎ. ಢಾಕಿ ಸಂಪಾದಿಸಿದ ಅದರ 1986ರ ಸಂಪುಟದಲ್ಲಿ ಬಾದಾಮಿ ಚಾಲುಕ್ಯರ ಗುಡಿಗಳಿಗೆ ವಿವರವಾದ ಜಾಗ ಸಿಕ್ಕಿತು. ಅಷ್ಟರಲ್ಲೇ ಹಲವು ವಿಶ್ವವಿದ್ಯಾಲಯಗಳಲ್ಲಿ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳು ಪಿಎಚ್.ಡಿ. ವಿಷಯವಾಗಿದ್ದವು. ಗ್ಯಾರಿ ಟಾರ್ (ಮುಂದೆ ಟಾರ್ಟಕೋವ್) ಅವರ ಪ್ರಬಂಧ 1969ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಕ್ಯಾರಲ್ ರ‍್ಯಾಡ್‌ಕ್ಲಿಫ್ ಬೋಲನ್ ಅವರದು 1981ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ. ಆಸ್ಟ್ರೇಲಿಯಾದ ಜಾರ್ಜ್ ಮಿಷೆಲ್ ಹಂಪಿಗೆ ಹೋಗುವ ಮೊದಲು ದುಡಿದದ್ದು ಇಲ್ಲಿಯೇ. ಚಾಲುಕ್ಯ ಗುಡಿಗಳ ಬಗೆಗಿನ ಅವರ ಪುಸ್ತಕ 1975ರದು.

ಇಷ್ಟೆಲ್ಲ ಹಣ ಖರ್ಚಾಗಿ ಸಿಕ್ಕಿದ್ದೇನು? ಐಹೊಳೆಯ ಲಾಡ್ ಖಾನ್ ಗುಡಿಯನ್ನೇ ನೋಡಿ. ಇಳಿಜಾರಾದ ಚಪ್ಪಡಿಗಳ ಮಾಡು, ಚಪ್ಪಡಿಗಳ ಸಂದಿ ಮುಚ್ಚಲು ಮರದ ದಿಮ್ಮಿಯಂತೆ ಕೆತ್ತಿ ಮೇಲೆ ಕೂರಿಸಿದ ಉದ್ದುದ್ದ ಕಲ್ಲುಪಟ್ಟಿ, ಒಳಗೆ ಸಾಲುಗಂಬಗಳ ಚೌಕ. ಮರದ ಮನೆಯನ್ನು ಕಲ್ಲಿಗೆ ಇಳಿಸಿದಂತೆ ಕಾಣುವುದರಿಂದ ಪುರಾತತ್ವಜ್ಞ ಹೆನ್ರಿ ಕಸೆನ್ಸ್ ಇದನ್ನು ಕ್ರಿ.ಶ. 450ರ ಸುಮಾರಿಗೆ ಇಟ್ಟಿದ್ದರು. ಕಂಬದ ಕೆತ್ತನೆ, ಅಧಿಷ್ಠಾನದ ಪಟ್ಟಿಗಳು, ಶಿಲ್ಪದ ಶೈಲಿಗಳನ್ನು ಗುಡಿಯಿಂದ ಗುಡಿಗೆ ಹೋಲಿಸಿದ ಮುಂದಿನವರು ಅದನ್ನು 7ನೆಯ ಶತಮಾನದ ಕೊನೆಗೋ 8ನೆಯದರ ಆರಂಭಕ್ಕೋ ತಂದರು. ದುರ್ಗ ಗುಡಿಯೂ ಹಾಗೆಯೇ. ಅದರ ಹಿಂಬದಿಯ ಅರೆದುಂಡು ರೂಪ ಕಂಡು ಬೌದ್ಧ ಚೈತ್ಯದ ಹಳೆಯ ನೆನಪೆಂದವರಿದ್ದರು. ಹೆಬ್ಬಾಗಿಲಲ್ಲಿ ಇಮ್ಮಡಿ ವಿಕ್ರಮಾದಿತ್ಯನ ಕಾಲದ ಶಾಸನವಿದೆ, ಗುಡಿ ಸೂರ್ಯನದೆಂದು ಇಂದು ವಿದ್ವಾಂಸರು ಒಪ್ಪಿದ್ದಾರೆ. ಆ ಒಂದೇ ಗುಡಿಯನ್ನು ಯಾರು ಯಾರು ಹೇಗೆ ಹೇಗೆ ಓದಿದರೆಂಬುದನ್ನೇ ಟಾರ್ಟಕೋವ್ 1997ರಲ್ಲಿ ಒಂದು ಪುಸ್ತಕವಾಗಿ ಬರೆದರು. ಐಹೊಳೆಯ ಗೈಡುಗಳು ಇಂದಿಗೂ ಕಸೆನ್ಸರ ಇಸವಿಯನ್ನೇ ಹೇಳುತ್ತಾರೆ. ಸಂಶೋಧನೆ ಇಂಗ್ಲಿಷಿನ ದುಬಾರಿ ಸಂಪುಟಗಳಲ್ಲಿ ಉಳಿದರೆ ಇನ್ನೇನಾದೀತು? ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎ. ಸುಂದರ, ಎಸ್. ರಾಜಶೇಖರ, ಶ್ರೀನಿವಾಸ ಪಾಡಿಗಾರರಂಥವರು ಇದೇ ನೆಲದಲ್ಲಿ ಕಡಿಮೆ ಹಣದಲ್ಲಿ ಮಾಡಿದ ಕೆಲಸ ಈ ಚರಿತ್ರೆಯ ಇನ್ನೊಂದು ಮುಖ.

ಹೊರಗೆ ಹೋದ ಹಣದಿಂದ ಈ ಸೀಮೆಗೆ ಸಿಕ್ಕ ದೊಡ್ಡ ಲಾಭ ಇಲ್ಲಿನವರಲ್ಲದ ಒಬ್ಬರಿಂದ ಬಂತು. ಎ.ಕೆ. ರಾಮಾನುಜನ್ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ, ಅಂದರೆ ಅದೇ ಸಿರಸಂಗಿ ದೇಸಾಯಿಯವರ ಹೆಸರಿನ ಕಾಲೇಜಿನಲ್ಲಿ, ಇಂಗ್ಲಿಷ್ ಕಲಿಸುತ್ತಿದ್ದರು. ಮುಂದೆ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ 1963ರಲ್ಲಿ ಭಾಷಾವಿಜ್ಞಾನದ ಪಿಎಚ್.ಡಿ. ಪಡೆದು ಶಿಕಾಗೋದಲ್ಲಿ ನೆಲೆಸಿದರು. 1973ರಲ್ಲಿ ಬಂದ ಅವರ ವಚನಾನುವಾದ ‘ಸ್ಪೀಕಿಂಗ್ ಆಫ್ ಶಿವ’ ಹುನಗುಂದ ತಾಲೂಕಿನ ಕೂಡಲಸಂಗಮದ ದೇವನ ಹೆಸರನ್ನು ಕನ್ನಡವೇ ಗೊತ್ತಿಲ್ಲದ ಓದುಗರ ಬಾಯಿಗೆ ತಂದಿತು. ವಿನಿಮಯದ ಯೋಜನೆ ಬರೆಯುವವರು ‘ನಿರೀಕ್ಷಿತ ಫಲ’ ಎಂಬ ಕಲಮಿನಲ್ಲಿ ಇಂಥದ್ದನ್ನು ಬರೆಯಲಾರರು.

ಕೃಷಿಯ ದಾರಿ ಬೇರೆ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿದಾಗ ಅಮೆರಿಕದ ಸರಕಾರಿ ನೆರವಿನಲ್ಲಿ ಜೊತೆ ನಿಂತದ್ದು ಟೆನೆಸ್ಸೀ ವಿಶ್ವವಿದ್ಯಾಲಯ. ಪಾಠ, ಸಂಶೋಧನೆ, ರೈತರ ಹೊಲಕ್ಕೆ ವಿಸ್ತರಣೆ, ಮೂರನ್ನೂ ಒಂದೇ ಸಂಸ್ಥೆ ಮಾಡಬೇಕೆಂಬ ಅಮೆರಿಕದ ಲ್ಯಾಂಡ್ ಗ್ರಾಂಟ್ ಮಾದರಿ ಹೀಗೆ ಬಂತು. ಧಾರವಾಡದ ಕೃಷಿ ಕಾಲೇಜು ಅದರೊಳಗೆ ಸೇರಿ, 1986ರಲ್ಲಿ ತಾನೇ ವಿಶ್ವವಿದ್ಯಾಲಯವಾಯಿತು. ರಾಜ್ಯದ ಮೊದಲ ತೋಟಗಾರಿಕಾ ವಿಶ್ವವಿದ್ಯಾಲಯ 2008ರಲ್ಲಿ ಬಾಗಲಕೋಟೆಗೆ ಬಂತು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟವರಿಗಾಗಿ ಕಟ್ಟಿದ ನವನಗರದ ಪಕ್ಕದ ಉದ್ಯಾನಗಿರಿಯಲ್ಲಿ ಅದರ ಆವರಣವಿದೆ. ಹೊರದೇಶದ ಸಂಸ್ಥೆಯ ಜೊತೆ ತನ್ನ ಹೆಸರಿನಲ್ಲೇ ಕಾಗದಕ್ಕೆ ಸಹಿ ಹಾಕಬಲ್ಲ ವಿಶ್ವವಿದ್ಯಾಲಯವೊಂದು ಈ ಪಟ್ಟಣದಲ್ಲಿ ಆದದ್ದು ಆಗಲೇ.

ಬಾಗಲಕೋಟೆಯ ಅದೇ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರದು. 2000ದ ದಶಕದಲ್ಲಿ ತಾಂತ್ರಿಕ ಶಿಕ್ಷಣದ ಗುಣಮಟ್ಟ ಸುಧಾರಣೆಗಾಗಿ ವಿಶ್ವಬ್ಯಾಂಕ್ ನೆರವಿನಿಂದ ನಡೆದ ಟೆಕ್ವಿಪ್ ಯೋಜನೆಯಲ್ಲಿ ಅದೂ ಸೇರಿತು. ಈ ಹಣ ಕೇಂದ್ರ ಸರಕಾರಕ್ಕೆ ಸಾಲ, ಕಾಲೇಜಿಗೆ ಅನುದಾನ. ಲ್ಯಾಬು, ಶಿಕ್ಷಕರ ತರಬೇತಿಗಳೇ ಅದರ ಮುಖ್ಯ ಬಾಬತ್ತು. ವಿದೇಶಕ್ಕೆ ಹೋಗುವವರ ದಾರಿಗೆ ಬಂದರೆ, ಹೆಚ್ಚುಕಡಿಮೆ ಪಾವಟೆಯವರ ಜನ್ಮಶತಾಬ್ದಿಯ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ಅವರ ಹೆಸರಿನ ಫೆಲೋಶಿಪ್ ನೆಲೆಗೊಂಡಿತು. ಧಾರವಾಡದಿಂದ ಆಯ್ಕೆಯಾದವರು ಪಾವಟೆ ಓದಿದ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲೇ ಇದ್ದು ಓದುತ್ತಾರೆ.

ಒಬ್ಬೊಬ್ಬರೇ ಹೋಗುವವರಿಗೆ ದಾರಿ ಹೆಚ್ಚು ಅಗಲವಾಗಿದೆ. ಪರಿಶಿಷ್ಟರಿಗಾಗಿ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954–55ರಿಂದಲೇ ಇದೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ 2018ರದು. ಲಿಂಗರಾಜರ ಮೃತ್ಯುಪತ್ರದ ಬೇಲಿಯಾಚೆ ಉಳಿದಿದ್ದ ಮನೆಗಳಿಗೆ ವಿದೇಶದ ಓದಿನ ದಾರಿ ತೆರೆದದ್ದು ಇಂಥ ಯೋಜನೆಗಳೇ.

ಸಂಸ್ಥೆಗಳ ಮಟ್ಟದಲ್ಲಿ ತೊಡಕು ಬೇರೆಯದು. ಹುನಗುಂದ, ಇಳಕಲ್ಲಿನ ವಿಜಯ ಮಹಾಂತೇಶ ಸಂಘದ ಕಾಲೇಜುಗಳಾಗಲಿ, ಬಾದಾಮಿಯ ವೀರಪುಲಿಕೇಶಿ ಸಂಸ್ಥೆಯ ಕಾಲೇಜಾಗಲಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಹೆಸರಿನಲ್ಲಿ. ಹೊರದೇಶದ ದೇಣಿಗೆ ಪಡೆಯಲು 1976ರಲ್ಲಿ ಬಂದು 2010ರಲ್ಲಿ ಹೊಸದಾದ ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು. 2022ರ ಯುಜಿಸಿ ನಿಯಮ ವಿದೇಶಿ ವಿಶ್ವವಿದ್ಯಾಲಯದ ಜೊತೆ ಅವಳಿ ಹಾಗೂ ಜಂಟಿ ಪದವಿಗೆ ಅವಕಾಶ ಕೊಟ್ಟಿತು. ಆದರೆ ಅದಕ್ಕೆ ಕಾಲೇಜು, ವಿಶ್ವವಿದ್ಯಾಲಯಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕವೋ, ದೇಶದ ಮೊದಲ ನೂರರಲ್ಲಿ ಸ್ಥಾನವೋ ಇರಬೇಕು. ಜಮಖಂಡಿಯಲ್ಲಿ 2023ರಲ್ಲಿ ಶುರುವಾದ ಬಾಗಲಕೋಟೆ ವಿಶ್ವವಿದ್ಯಾಲಯಕ್ಕೆ ಆ ಮೆಟ್ಟಿಲು ಇನ್ನೂ ದೂರ. ರಾಜ್ಯದ ಹೊಸ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವನ್ನು ಹಣದ ಕೊರತೆಯ ಕಾರಣಕ್ಕೆ ಮುಚ್ಚುವ ಮಾತು 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂತು.