ಫೋರ್ಡ್ ‘ಟಿ’ ಗಾಡಿಯ ಜೀರ್ಣೋದ್ಧಾರ: ಎಂಜಿನ್ ಮತ್ತು ಚುಕ್ಕಾಣಿ

ಜೀರ್ಣೋದ್ಧಾರವೆಂಬ ಮಾತು ನಮ್ಮ ಶಾಸನಗಳಲ್ಲಿ ದೇವಾಲಯಗಳಿಗೂ ಕೆರೆಗಳಿಗೂ ಸಂಬಂಧಿಸಿ ಬರುತ್ತದೆ. ಅದನ್ನು ಮೋಟಾರು ಗಾಡಿಗೆ ಅನ್ವಯಿಸುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಕುಸಿದ ಗುಡಿಯನ್ನು ಎತ್ತಿ ನಿಲ್ಲಿಸುವವನ ಮುಂದಿರುವ ಪ್ರಶ್ನೆಯೇ ಹಳೆಯ ಯಂತ್ರವನ್ನು ಬಿಚ್ಚಿ ಕುಳಿತವನ ಮುಂದೆಯೂ ಇದೆ. ಹಳೆಯದರಲ್ಲಿ ಉಳಿಸಬೇಕಾದುದೆಷ್ಟು, ಹೊಸದಾಗಿ ಸೇರಿಸಬಹುದಾದುದೆಷ್ಟು? ಫೋರ್ಡ್ ಕಂಪನಿಯ ‘ಟಿ’ ಮಾದರಿಯನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

1934ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು 1930ರ ಅಂತ್ಯದೊಳಗೆ ತಯಾರಾದ ಗಾಡಿಗಳಿಗೆ ‘ವಿಂಟೇಜ್’ ಎಂಬ ಹೆಸರನ್ನು ರೂಢಿಗೆ ತಂದರು. (ದ್ರಾಕ್ಷಿಯ ಸುಗ್ಗಿಗೆ ಸಲ್ಲುವ ಈ ಮಾತು ಮದ್ಯದ ಉಗ್ರಾಣವನ್ನು ಹಾದು ಗ್ಯಾರೇಜನ್ನು ಸೇರಿತೆಂಬುದು ಸ್ವಾರಸ್ಯದ ಸಂಗತಿ.) ‘ಟಿ’ ಗಾಡಿ 1908ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದು 1927ರಲ್ಲಿ ನಿಂತಿತು. ಅಷ್ಟರಲ್ಲಿ ಅದರ ಸಂಖ್ಯೆ ಒಂದೂವರೆ ಕೋಟಿಯನ್ನು ಮುಟ್ಟಿತ್ತು. ಬ್ರಿಟನ್ನಿನ ಹೊರಗೆ, ಸಾಮ್ರಾಜ್ಯದ ಉಳಿದ ಭಾಗಗಳಲ್ಲಿ ಇದನ್ನು ಮಾರುವ ಹಕ್ಕು ಕೆನಡಾದ ಫೋರ್ಡ್ ಕಂಪನಿಗಿತ್ತು. ಆದುದರಿಂದಲೇ ನಮ್ಮ ದೇಶದಲ್ಲಿ ಕಾಣುವ ‘ಟಿ’ ಗಾಡಿಗಳ ಮೂಲವನ್ನು ಡೆಟ್ರಾಯಿಟಿಗಿಂತ ಹೆಚ್ಚಾಗಿ ಕೆನಡಾದಲ್ಲಿ ಹುಡುಕಬೇಕಾಗುತ್ತದೆ. ಆ ಕಂಪನಿಯ ಶಾಖೆಯಾಗಿ ಫೋರ್ಡ್ ಆಫ್ ಇಂಡಿಯಾ 1926ರಲ್ಲಿ ಸ್ಥಾಪಿತವಾಯಿತು.

ಎಂಜಿನ್ ನೋಟಕ್ಕೆ ಸರಳ: ಒಂದೇ ಎರಕದಲ್ಲಿ ನಾಲ್ಕು ಸಿಲಿಂಡರು, ಇಪ್ಪತ್ತು ಅಶ್ವಶಕ್ತಿ. ಎಣ್ಣೆಯನ್ನು ಒತ್ತುವ ಪಂಪಿಲ್ಲ. ತಿರುಗುವ ಫ್ಲೈವೀಲ್ ಎರಚಿದ ಎಣ್ಣೆಯಿಂದಲೇ ಎಲ್ಲ ಭಾಗಗಳೂ ನೆನೆಯಬೇಕು. ಕ್ರ್ಯಾಂಕ್ ಶಾಫ್ಟನ್ನು ಹೊತ್ತಿರುವ ಮೂರು ಬೇರಿಂಗುಗಳು ಬ್ಯಾಬಿಟ್ ಎಂಬ ಬಿಳಿ ಲೋಹದವು. 1839ರಲ್ಲಿ ಐಸಾಕ್ ಬ್ಯಾಬಿಟ್ ಎಂಬಾತ ಕಂಡುಹಿಡಿದ ಈ ಲೋಹದಲ್ಲಿ ತವರವೇ ಪ್ರಧಾನ. ತಾಮ್ರ ಮತ್ತು ಆಂಟಿಮನಿಗಳು ಅಲ್ಪ. ಮೆದುವಾದ ಬೇರಿಂಗ್ ತಾನು ಸವೆದು ಬೆಲೆಬಾಳುವ ಶಾಫ್ಟನ್ನು ಉಳಿಸುತ್ತದೆ. ಸವೆತ ಅಲ್ಪವಾಗಿದ್ದರೆ ಬೇರಿಂಗಿನ ಮುಚ್ಚಳದ ಕೆಳಗಣ ತೆಳು ತಗಡುಗಳನ್ನು ತೆಗೆದು ಬಿಗಿಮಾಡಬಹುದು. ರೈತನು ಕಣದಲ್ಲೇ ಮಾಡಿಕೊಳ್ಳಬಹುದಾದ ಕೆಲಸವದು. ಮಿತಿಮೀರಿದರೆ ಲೋಹವನ್ನು ಕರಗಿಸಿ ಹೊಸದಾಗಿ ಎರೆದು, ಮೂರನ್ನೂ ಒಂದೇ ರೇಖೆಯಲ್ಲಿ ಕೊರೆಯಬೇಕು. ಬದಲಿಸಬಹುದಾದ ತೆಳು ಚಿಪ್ಪಿನ ಬೇರಿಂಗುಗಳು ಬಂದ ಮೇಲೆ ಈ ಕುಲುಮೆಯ ವಿದ್ಯೆ ವಿರಳವಾಯಿತು.

ಹಿಂದಿನ ಬೇರಿಂಗಿನಲ್ಲಿ ಒಂದು ಸೂಕ್ಷ್ಮವಿದೆ. ಶಾಫ್ಟು ಮುಂದಕ್ಕಾಗಲಿ ಹಿಂದಕ್ಕಾಗಲಿ ಸರಿಯದಂತೆ ತಡೆಯುವುದು ಅದೇ. ಅದರ ಹಿಂದಿರುವ ಫ್ಲೈವೀಲಿಗೆ ಹದಿನಾರು ಅಯಸ್ಕಾಂತಗಳನ್ನು ಕಟ್ಟಿದೆ. ಅವು ಸ್ಥಿರವಾದ ಸುರುಳಿಗಳ ಎದುರು ತಿರುಗಿ ಕಿಡಿಗೆ ಬೇಕಾದ ವಿದ್ಯುತ್ತನ್ನು ಹುಟ್ಟಿಸುತ್ತವೆ. ಇವೆರಡರ ನಡುವಣ ಅಂತರ ಅಂಗುಲದ ಮೂವತ್ತನೆಯ ಒಂದು ಭಾಗದಷ್ಟು. ಬೇರಿಂಗಿನ ಪಕ್ಕ ಸವೆದು ಶಾಫ್ಟು ಸರಿದರೆ ಈ ಅಂತರ ಕೆಡುತ್ತದೆ, ವಿದ್ಯುತ್ತು ಕ್ಷೀಣಿಸುತ್ತದೆ, ಗಾಡಿ ಹೊರಡಲು ಮೊಂಡುಹಿಡಿಯುತ್ತದೆ. ಕಿಡಿಯ ಪೆಟ್ಟಿಗೆಯನ್ನೇ ದಿನಗಟ್ಟಲೆ ಉಜ್ಜುತ್ತ ಕುಳಿತವನಿಗೆ ರೋಗದ ಬುಡ ಕೈಗೆ ಸಿಕ್ಕುವುದಿಲ್ಲ.

ಈಗ ಕೆಲವರು ದಿಮ್ಮಿಯನ್ನು ಕೊರೆದು ಹೊಸ ಕಾಲದ ಚಿಪ್ಪುಗಳನ್ನು ಕೂರಿಸುತ್ತಾರೆ. ಗಾಡಿ ಸುಖವಾಗಿ ಓಡುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೀಡುಕಬ್ಬಿಣದ ಪಿಸ್ಟನ್ನಿನ ಬದಲು ಹಗುರವಾದ ಅಲ್ಯೂಮಿನಿಯಮ್ ಪಿಸ್ಟನ್ ಹಾಕಿದವನು ನಾಳೆ ಅದನ್ನು ತೆಗೆದಾನು. ಕೊರೆದ ಕಬ್ಬಿಣವನ್ನು ಮರಳಿ ತುಂಬುವವರಾರು? ಗಾಡಿಯ ಸಂಖ್ಯೆಯೆಂದು ಎಣಿಸಲಾಗುವುದು ಎಂಜಿನಿನ ದಿಮ್ಮಿಯ ಮೇಲೊತ್ತಿದ ಸಂಖ್ಯೆಯೇ ಆದುದರಿಂದ, ದಿಮ್ಮಿಯೆಂಬುದು ಆ ಗಾಡಿಯ ಶಾಸನಶಿಲೆ. ಮೊದಲನೆಯದನ್ನು ನಾನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಗಾಡಿಯ ತಯಾರಿಕೆ ನಿಂತ ಮೇಲೂ ಬಿಡಿ ಎಂಜಿನುಗಳು 1941ರವರೆಗೆ ತಯಾರಾದುವು. ಆದಕಾರಣ ಸಂಖ್ಯೆಯೊಂದನ್ನೇ ನೆಚ್ಚಿ ಗಾಡಿಯ ಕಾಲವನ್ನು ನಿರ್ಣಯಿಸುವುದು ಅಪಾಯಕರ.

ಚುಕ್ಕಾಣಿಯ ಹಲ್ಲುಚಕ್ರಗಳು, ಇತರ ಗಾಡಿಗಳಲ್ಲಿರುವಂತೆ ಕಂಬದ ಬುಡದಲ್ಲಿಲ್ಲದೆ, ಹಿಡಿಚಕ್ರದ ಕೆಳಗೇ ಇವೆ. ನಡುವೆ ಒಂದು, ಸುತ್ತ ಮೂರು. ಗ್ರಹಗಳು ಸೂರ್ಯನನ್ನು ಸುತ್ತುವ ಕ್ರಮ. ಕೈಯ ನಾಲ್ಕು ಸುತ್ತಿಗೆ ಕಂಬದ ದಂಡ ಒಂದು ಸುತ್ತು ತಿರುಗುತ್ತದೆ. ಕೊನೆಯ ವರ್ಷಗಳಲ್ಲಿ ಇದನ್ನು ಐದಕ್ಕೆ ಏರಿಸಿದರು. ಹಲ್ಲು, ಗೂಟ, ಬುಷ್, ಗುಂಡುಕೀಲು ಇವುಗಳಲ್ಲಿ ಪ್ರತಿಯೊಂದರ ಅಲ್ಪ ಸಡಿಲವೂ ಕೂಡಿ ಹಿಡಿಚಕ್ರದಲ್ಲಿ ದೊಡ್ಡ ಸಡಿಲವಾಗುತ್ತದೆ. ಗುಂಡುಕೀಲಿನ ಬಟ್ಟಲನ್ನು ಅರದಿಂದ ಉಜ್ಜಿ ಬಿಗಿಮಾಡುವುದು ಹಳೆಯ ರೂಢಿ. ಆದರೆ ಗುಂಡು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಒಂದು ಕೋನದಲ್ಲಿ ಬಿಗಿಯೂ ಇನ್ನೊಂದರಲ್ಲಿ ಸಡಿಲವೂ ಆಗಿ ರೂಢಿ ನಿಷ್ಪ್ರಯೋಜಕವಾಗುತ್ತದೆ. ಇದಕ್ಕಿಂತ ಭಯಂಕರವಾದುದು ಮತ್ತೊಂದಿದೆ. ಕಂಬದ ತುದಿಯ ತೋಳು ಮಿತಿಮೀರಿ ತಿರುಗಿ ಎಳೆದಂಡದ ರೇಖೆಯನ್ನು ದಾಟಿದರೆ, ಚಕ್ರಗಳು ತಿರುವಿನಲ್ಲೇ ಸಿಕ್ಕಿಬೀಳುತ್ತವೆ. ಜೀರ್ಣೋದ್ಧಾರಕನು ರಸ್ತೆಗಿಳಿಯುವ ಮುನ್ನ ಎರಡೂ ಕಡೆಗೆ ಪೂರ್ತಿ ತಿರುಗಿಸಿ ಇದನ್ನು ಪರೀಕ್ಷಿಸತಕ್ಕದ್ದು.

ಮುಂದಿನ ಅಚ್ಚನ್ನು ಹಿಡಿದಿರುವ ಕವಲುಸರಳಿನ ಗುಂಡು ಎಂಜಿನಿನ ತಳದ ತೊಟ್ಟಿಗೇ ಸೇರಿಕೊಂಡಿದೆ. ತೊಟ್ಟಿ ಉಕ್ಕಿನ ತಗಡಿನದು, ಹೊಡೆತಕ್ಕೆ ಬಾಗುವಂಥದು. ಅದು ಬಾಗಿದರೆ ಶಾಫ್ಟಿನ ರೇಖೆ ತಪ್ಪಿ, ಕಾಲಕ್ರಮದಲ್ಲಿ ಶಾಫ್ಟೇ ಮುರಿಯಬಹುದು. ಗುಂಡಿನ ಹಿಡಿತ ಸಡಿಲವಾದರೆ ಅಚ್ಚು ಅಲೆದಾಡಿ ಚುಕ್ಕಾಣಿ ಮಾತು ಕೇಳದು. ಆದುದರಿಂದ ಬಿಳಿ ಲೋಹವನ್ನು ಎರೆಯುವ ಮೊದಲೇ ತೊಟ್ಟಿಯನ್ನು ಅಳತೆಯ ಚೌಕಟ್ಟಿನ ಮೇಲಿಟ್ಟು ನೇರಗೊಳಿಸುವುದು ಬಲ್ಲವರ ಪದ್ಧತಿ.