ಮನಸ್ಸಿಗೆ ಆದ ಗಾಯಕ್ಕೆ ಸಾಕ್ಷಿ ಯಾರು?

ಕೆಲಸದ ಜಾಗದಲ್ಲಿ ಒಬ್ಬ ಹೆಣ್ಣುಮಗಳಿಗೆ ಲೈಂಗಿಕ ಕಿರುಕುಳ ಆಯ್ತು ಅಂದ್ಕೊಳ್ಳಿ. ಮೈಮೇಲೆ ಗಾಯ ಇಲ್ಲ. ಆದ್ರೆ ರಾತ್ರಿ ನಿದ್ದೆ ಇಲ್ಲ, ಬೆಳಗಾದ್ರೆ ಕೆಲಸಕ್ಕೆ ಹೋಗೋಕೆ ಭಯ. ಇದನ್ನ ಕೋರ್ಟು ಹೇಗೆ ಅಳೆಯುತ್ತೆ? ಇಲ್ಲಿ ಬರೋರು ಫೊರೆನ್ಸಿಕ್ ಸೈಕಿಯಾಟ್ರಿಸ್ಟ್, ಅಂದ್ರೆ ಕೋರ್ಟಿಗಾಗಿ ಮನಸ್ಸನ್ನು ಪರೀಕ್ಷಿಸೋ ಮನೋವೈದ್ಯರು. ಈ ಪರೀಕ್ಷೆಯ ಚರಿತ್ರೆ ಅಮೆರಿಕದಿಂದ ಶುರುವಾಗಿ ನಮ್ಮ ಬಾಳೂರಿನ ಕಾಫಿ ತೋಟಕ್ಕೂ ಸಂಬಂಧಪಡುತ್ತೆ.

1/6 ಮೊದಲು ಬಂದಿದ್ದು ಅನುಮಾನ
ಜಾನ್ ವಿಗ್ಮೋರ್ ಅಮೆರಿಕದ ದೊಡ್ಡ ಕಾನೂನು ಪಂಡಿತ. ಸಾಕ್ಷ್ಯದ ಬಗ್ಗೆ ಆತ ಬರೆದ ಗ್ರಂಥದ 1940ರ ಆವೃತ್ತಿಯಲ್ಲಿ ಒಂದು ಸಲಹೆ ಇತ್ತು: ಲೈಂಗಿಕ ಅಪರಾಧದ ದೂರು ಕೊಟ್ಟ ಹೆಣ್ಣಿನ ಮನಸ್ಸನ್ನು ವೈದ್ಯರು ಪರೀಕ್ಷಿಸದೆ ಕೇಸು ಜ್ಯೂರಿ ಮುಂದೆ ಹೋಗಬಾರದು. ಅಂದ್ರೆ ಡಾಕ್ಟರನ್ನು ಕರೆಸಿದ್ದು ಗಾಯ ನೋಡೋಕಲ್ಲ, ಅವಳು ಸುಳ್ಳು ಹೇಳ್ತಿದ್ದಾಳಾ ಅಂತ ನೋಡೋಕೆ.

2/6 ಗಾಯಕ್ಕೊಂದು ಹೆಸರು
1980ರಲ್ಲಿ ಅಮೆರಿಕದ ಮನೋವೈದ್ಯರು ಪಿಟಿಎಸ್‌ಡಿ ಅನ್ನೋ ಕಾಯಿಲೆಯನ್ನ ತಮ್ಮ ಅಧಿಕೃತ ಪಟ್ಟಿಗೆ ಸೇರಿಸಿದ್ರು. ಭಯಾನಕ ಅನುಭವದ ನಂತರವೂ ಮನಸ್ಸು ಅಲ್ಲೇ ಸಿಕ್ಕಿಹಾಕಿಕೊಳ್ಳೋ ಸ್ಥಿತಿ ಅದು. 1991ರ ಕಾನೂನು ಇಂಥ ಕೇಸುಗಳಲ್ಲಿ ಮಾನಸಿಕ ನೋವಿಗೂ ಪರಿಹಾರ ಕೇಳೋ ದಾರಿ ತೆರೆಯಿತು. ಎರಡೂ ಕಡೆಯ ವಕೀಲರು ಮನೋವೈದ್ಯರನ್ನ ಹುಡುಕತೊಡಗಿದ್ರು.

ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಚಿಕಿತ್ಸೆ ಕೊಡೋ ಡಾಕ್ಟರ್ ಬೇರೆ, ಕೋರ್ಟಿಗೆ ವರದಿ ಕೊಡೋರು ಬೇರೆ. ಎರಡನೆಯವರ ಹತ್ತಿರ ಹೇಳಿದ್ದು ಗುಟ್ಟಾಗಿ ಉಳಿಯಲ್ಲ, ಅದನ್ನ ಅವರು ಮೊದಲೇ ತಿಳಿಸಬೇಕು. ಘಟನೆಗೆ ಮುಂಚೆ ಹೇಗಿದ್ರು, ಆಮೇಲೆ ಏನು ಬದಲಾಯ್ತು ಅಂತ ಅವರು ಹೇಳಬಲ್ಲರು. ಘಟನೆ ನಡೀತೋ ಇಲ್ವೋ ಅಂತ ತೀರ್ಪು ಕೊಡೋದು ಅವರ ಕೆಲಸ ಅಲ್ಲ.

3/6 'ನೀನು ಕುಸಿದು ಬಿದ್ದಿಲ್ವಲ್ಲ'
ಟೆರೆಸಾ ಹ್ಯಾರಿಸ್ ಒಂದು ಕಂಪನಿಯಲ್ಲಿ ಮ್ಯಾನೇಜರ್. ಮಾಲೀಕನ ಅಸಭ್ಯ ಮಾತುಗಳ ವಿರುದ್ಧ ಕೇಸು ಹಾಕಿದಾಗ, ಮನಸ್ಸಿಗೆ ಗಂಭೀರ ಹಾನಿ ಆಗಿಲ್ಲ ಅಂತ ಕೆಳಗಿನ ಕೋರ್ಟು ತಳ್ಳಿಹಾಕಿತು. 1993ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ವಾದ ಒಪ್ಪಲಿಲ್ಲ. ಹೆಣ್ಣು ಮಾನಸಿಕವಾಗಿ ಕುಸಿಯೋವರೆಗೂ ಕಾನೂನು ಕಾಯಬೇಕಿಲ್ಲ ಅಂದಿತು.

4/6 ಗಣಿಯ ಹೆಣ್ಣುಮಕ್ಕಳು
ಆದ್ರೂ ಎಲ್ಲ ಸರಿಹೋಗಲಿಲ್ಲ. ಮಿನ್ನೆಸೋಟದ ಎವೆಲೆತ್ ಕಬ್ಬಿಣದ ಗಣಿಯಲ್ಲಿ ಕೆಲಸ ಮಾಡ್ತಿದ್ದ ಲೋಯಿಸ್ ಜೆನ್ಸನ್ 1984ರಲ್ಲಿ ದೂರು ಕೊಟ್ಟರು, 1988ರಲ್ಲಿ ಕೇಸು ಕೋರ್ಟಿಗೆ ಬಂತು. ಪರಿಹಾರದ ವಿಚಾರಣೆ ಹೊತ್ತಿಗೆ ಆ ಹೆಂಗಸರ ಹಳೆಯ ವೈದ್ಯಕೀಯ ದಾಖಲೆ, ಖಾಸಗಿ ಬದುಕು ಎಲ್ಲವನ್ನೂ ಕೆದಕಿದ್ರು. ನೊಂದವರೇ ಆರೋಪಿಗಳ ಹಾಗೆ ನಿಲ್ಲಬೇಕಾಯ್ತು. ಈ ಕೆದಕಾಟ ಅತಿಯಾಯ್ತು ಅಂತ 1997ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. 1998ರ ಕೊನೆಗೆ 15 ಮಹಿಳೆಯರಿಗೆ ಒಟ್ಟು 35 ಲಕ್ಷ ಡಾಲರ್ ಕೊಟ್ಟು ರಾಜಿಯಾಯ್ತು. ದೂರಿನಿಂದ ರಾಜಿವರೆಗೆ 14 ವರ್ಷ!

5/6 ನಮ್ಮಲ್ಲಿ
1992ರಲ್ಲಿ ರಾಜಸ್ಥಾನದ ಭಂವರಿ ದೇವಿ, ಬಾಲ್ಯವಿವಾಹ ತಡೆಯೋ ತನ್ನ ಕೆಲಸ ಮಾಡಿದ್ದಕ್ಕೆ ಅತ್ಯಾಚಾರಕ್ಕೆ ಒಳಗಾದರು. ಅದರ ಬೆನ್ನಲ್ಲೇ ಮಹಿಳಾ ಸಂಘಟನೆಗಳು ಹೂಡಿದ ಕೇಸಿನಿಂದ 1997ರ ವಿಶಾಖಾ ತೀರ್ಪು, ಮುಂದೆ 2013ರ ಕಾಯ್ದೆ ಬಂತು. ಈ ಕಾಯ್ದೆಯ 15ನೇ ಸೆಕ್ಷನ್ ಓದಿ. ಪರಿಹಾರ ಲೆಕ್ಕ ಹಾಕುವಾಗ ಮಾನಸಿಕ ಆಘಾತ, ಕೈತಪ್ಪಿದ ಉದ್ಯೋಗಾವಕಾಶ, ಮನೋವೈದ್ಯಕೀಯ ಚಿಕಿತ್ಸೆಯ ಖರ್ಚು ಎಲ್ಲವನ್ನೂ ನೋಡಬೇಕು. ಆದ್ರೆ ದೂರು ಕೊಡೋಕೆ ಡಾಕ್ಟರ್ ಸರ್ಟಿಫಿಕೇಟ್ ಬೇಕು ಅಂತ ಎಲ್ಲೂ ಇಲ್ಲ. ಮಾನಸಿಕವಾಗಿ ದೂರು ಕೊಡೋ ಸ್ಥಿತಿಯಲ್ಲೇ ಇಲ್ಲದವರ ಪರವಾಗಿ ಮನೋವೈದ್ಯರೇ ದೂರು ಕೊಡಬಹುದು. 1940ರಲ್ಲಿ ಅನುಮಾನಿಸೋಕೆ ಕರೆಸಿದ ಡಾಕ್ಟರ್, ಇಲ್ಲಿ ಅವಳ ಪರ ದನಿಯಾಗಬಲ್ಲರು.

6/6 ಬಾಳೂರಿಗೆ ಬಂದ್ರೆ
ಕಾಫಿ ತೋಟವೂ ಕೆಲಸದ ಜಾಗವೇ. ಆಳುಗಳನ್ನ ಕರ್ಕೊಂಡು ಹೋಗೋಕೆ ತೋಟದವರು ಕಳಿಸೋ ಪಿಕಪ್ ಕೂಡ. 10ಕ್ಕಿಂತ ಕಡಿಮೆ ಜನ ಇರೋ ತೋಟದವರು, ಅಥವಾ ಮಾಲೀಕನ ಮೇಲೇ ದೂರು ಇರೋರು, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ಆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣ ಇದ್ರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಬರೆಯೋಕೆ ಬರದಿದ್ರೆ ಬರೆದುಕೊಳ್ಳೋಕೆ ನೆರವಾಗೋದು ಸಮಿತಿಯ ಕರ್ತವ್ಯ.

ಹಣ್ಣು ಕುಯ್ಯೋ ಅಕ್ಕ ಒಬ್ಬರು ಮರುದಿನವೂ ಕೆಲಸಕ್ಕೆ ಬಂದ್ರು, ನಕ್ಕು ಮಾತಾಡಿದ್ರು ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತಲ್ಲ. ಕೂಲಿ ಬಿಟ್ರೆ ಮನೆ ನಡೆಯಲ್ಲ, ಅಷ್ಟೇ. 'ಅಷ್ಟು ನೋವಾಗಿದ್ರೆ ಯಾಕೆ ಬಂದೆ?' ಅಂತ ಯಾರಾದ್ರೂ ಕೇಳಿದ್ರೆ ಟೆರೆಸಾ ಹ್ಯಾರಿಸ್ ಕತೆ ಹೇಳಿ.

ಮಹಿಳಾ ಸಹಾಯವಾಣಿ 181, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಸೇವ್ ಮಾಡ್ಕೊಳ್ಳಿ, ಅಮ್ಮನಿಗೂ ಅಕ್ಕನಿಗೂ ಓದಿ ಹೇಳಿ.

#ಬಾಳೂರು #ಮೂಡಿಗೆರೆ #ಕಾನೂನಿನಕತೆ